ಮಾತೃಕೃಪಾ ಸೋರಿದ್ದು

ಘಟ್ಟದ ಮೇಲಿನವರಿಗೆ ಕೋಡಿ ಎಂದರೆ ಕೆರೆ ತುಂಬಿದಾಗ ಹೆಚ್ಚಾದ ನೀರು ಹರಿದುಹೋಗುವ ದಾರಿ. ನಮಗೆ ಅದು ಊರು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಪಂಚಗಂಗಾವಳಿಯ ಹಿನ್ನೀರು, ನಡುವೆ ಮರಳು, ತೆಂಗು, ಲೈಟ್‌ಹೌಸು. ಅಳಿವೆಯ ಆಚೆ ಗಂಗೊಳ್ಳಿ. ಮಳೆ ಹಿಡಿಯಿತೆಂದರೆ ನಮಗೆ ಮೂರು ದಿಕ್ಕಿಗೂ ನೀರು, ತಲೆಯ ಮೇಲೂ ನೀರು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಸೀಮೆ ಇದು. ಇಂಥಲ್ಲಿ ಹುಟ್ಟಿದವನಿಗೆ ಸೋರುವುದರ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ನಾನು ನಂಬಿದ್ದೆ. ನಾನೇ ಪಾಠ ಹೇಳುವವನು ಬೇರೆ. ಆ ನಂಬಿಕೆಯನ್ನು ತೊಳೆದದ್ದು ಒಂದು ಲಾರಿ.

ಲಾರಿ ಕೊಂಡದ್ದು ನನ್ನ ಭಾವ. ದುಡ್ಡಿನಲ್ಲಿ ಅರ್ಧ ನಮ್ಮ ಮನೆಯದು. ಹಾಗಾಗಿ ರಿಜಿಸ್ಟ್ರೇಶನ್ ಅಮ್ಮನ ಹೆಸರಿನಲ್ಲಿ, ಲೆಕ್ಕದ ಪುಸ್ತಕ ನನ್ನ ಕೈಯಲ್ಲಿ. ಎರಡನೇ ಕೈಯ ಗಾಡಿ. ಆ ಕಾಲದಲ್ಲಿ ಕಂಪೆನಿಯವರು ಹೆಚ್ಚಾಗಿ ಚಾಸಿಸ್ಸು ಮತ್ತು ಎದುರಿನ ಮುಖ ಇಷ್ಟನ್ನೇ ಕೊಡುತ್ತಿದ್ದರು. ಉಳಿದ ಕ್ಯಾಬಿನ್ನನ್ನು, ಹಿಂದಿನ ಬಾಡಿಯನ್ನು ಬಾಡಿ ಕಟ್ಟುವವರು ಕಟ್ಟಬೇಕು. ಮರದ ಚೌಕಟ್ಟು, ಅದರ ಮೇಲೆ ತಗಡು, ಒಳಗಡೆ ಹೊಳೆಯುವ ರೆಕ್ಸಿನ್. ನಮ್ಮದರ ರೆಕ್ಸಿನ್ ಕೆಂಪು. ನೋಡಲು ಯಕ್ಷಗಾನದ ಚೌಕಿಯ ಹಾಗಿತ್ತು. ಕೊಂಡ ವಾರವೇ ನಾನು ಉತ್ಸಾಹದಿಂದ ಕ್ಯಾಬಿನ್ನಿನ ನೆತ್ತಿಗೆ ‘ಮಾತೃಕೃಪಾ’ ಎಂಬ ಬೋರ್ಡು ಹಾಕಿಸಿದೆ. ಭಾವ ಬೇಡವೆನ್ನಲಿಲ್ಲ, ಅಮ್ಮ ಒಂದು ತೆಂಗಿನಕಾಯಿ ಒಡೆದಳು.

ಮೀನಿನ ಕಾಲದಲ್ಲಿ ಗಂಗೊಳ್ಳಿಯಿಂದ ಐಸು, ಮೀನು. ಮಳೆಗಾಲದಲ್ಲಿ ಟ್ರಾಲರುಗಳು ದಡ ಸೇರಿದ ಮೇಲೆ ಶಿವಮೊಗ್ಗದ ಕಡೆಯಿಂದ ಇಲ್ಲಿಯ ಮಿಲ್ಲುಗಳಿಗೆ ಭತ್ತ. ಹಾಗೆ 1996ರ ಮಳೆಗಾಲ ಬಂತು, ಕ್ಯಾಬಿನ್ನಿನೊಳಗೂ ಬಂತು.

ನೀರು ಬೀಳುತ್ತಿದ್ದುದು ಡ್ರೈವರನ ಬಲಗಡೆ, ಡ್ಯಾಶ್‌ಬೋರ್ಡಿನ ಮೂಲೆಯಲ್ಲಿ. ಅಲ್ಲಿಂದ ಅವನ ಮೊಣಕಾಲಿಗೆ, ಮೊಣಕಾಲಿನಿಂದ ಪೆಡಲಿಗೆ. ಅವನು ತೊಡೆಯ ಮೇಲೆ ಗೋಣಿಚೀಲ ಹಾಸಿಕೊಂಡು, ಹೆಗಲ ಮೇಲೊಂದು ಬೈರಾಸು ಇಟ್ಟುಕೊಂಡು ಓಡಿಸುತ್ತಿದ್ದ. ಬಂದಾಗಲೆಲ್ಲ ಹೇಳುತ್ತಿದ್ದ. ನಾನು ಹೋಗಿ ನೋಡಿದರೆ ಬಾಗಿಲ ಬದಿಯೆಲ್ಲ ಒದ್ದೆ. ಬೀಡಿ ಸೇದಲು ಗ್ಲಾಸು ಇಳಿಸಿರುತ್ತಾನೆ, ಮತ್ತೇನು ಎಂದು ನನ್ನ ತೀರ್ಮಾನ.

“ಗ್ಲಾಸ್ ನಾನ್ ಏರ್ಸಿದ್ದೆ ಮಾಷ್ಟ್ರೇ. ತಿರುವಲ್ಲ್ ಮಾತ್ರ ನೀರ್ ಬತ್ತ್.”

ತಿರುವಿನಲ್ಲಿ ಮಾತ್ರ ಸುರಿಯುವ ಮಳೆ ಯಾವುದಪ್ಪ ಎಂದು ನಾನು ನಕ್ಕೆ. ಮೂವತ್ತು ಮಕ್ಕಳ ಕ್ಲಾಸಿನಲ್ಲಿ ಮಸಿ ಚೆಲ್ಲಿದರೆ ದವಾತಿಗೆ ಹತ್ತಿರ ಕುಳಿತವನ ಕಿವಿ ಹಿಡಿಯುವುದು ನಮ್ಮ ಕಸುಬಿನ ಹಳೆಯ ಚಾಳಿ.

ಆದರೂ ರಿಪೇರಿ ಮಾಡಲಿಲ್ಲವೆಂದಲ್ಲ. ಒಂದು ಭಾನುವಾರ ಎಂಸೀಲ್ ತಂದು ಕಣ್ಣಿಗೆ ಕಂಡ ಸಂದಿಗೆಲ್ಲ ಮೆತ್ತಿದೆ. ಬಾಗಿಲಿನ ಕೆಳ ಅಂಚಿನಲ್ಲಿ ಮೂರು ಸಣ್ಣ ಒಟ್ಟೆಗಳು ಕಂಡವು. ಇದೇ ಕಳ್ಳದಾರಿ ಎಂದು ಖುಷಿಪಟ್ಟು ಅವನ್ನೂ ಮುಚ್ಚಿದೆ. ಗಾಜಿನ ರಬ್ಬರಿನ ಸುತ್ತ ಡಾಂಬರು ಬಳಿದೆ. ಲಾರಿ ಅಮಾವಾಸ್ಯೆಯ ದೃಷ್ಟಿಬೊಟ್ಟಿನ ಮಗುವಿನ ಹಾಗೆ ಕಾಣತೊಡಗಿತು. ಸೋರುವುದು ನಿಲ್ಲಲಿಲ್ಲ.

ಪುನರ್ವಸು ಮಳೆಯ ಒಂದು ರಾತ್ರಿ, ಭತ್ತ ತುಂಬಿದ ಲಾರಿ ಬಾಳೆಬರೆ ಘಾಟಿ ಇಳಿಯುತ್ತಿರುವಾಗ ವೈಪರು ನಿಂತಿತು. ಅದರ ಹಿಂದೆಯೇ ಎದುರಿನ ದೀಪ ಆರಿತು. ಆ ಮೂಲೆಯಲ್ಲಿ ಬಿದ್ದ ನೀರು ಒಳಗಿನ ಫ್ಯೂಸಿನ ಪೆಟ್ಟಿಗೆಗೆ ಇಳಿದಿತ್ತು. ಘಾಟಿಯ ಮಳೆ, ಮಂಜು, ಹಿಂದೆ ಹೇರಿದ ಭಾರ. ಅವನು ಹೇಗೆ ಲಾರಿಯನ್ನು ಗುಡ್ಡದ ಬದಿಗೆ ತಂದು ನಿಲ್ಲಿಸಿದನೋ, ಕ್ಲೀನರ್ ಹುಡುಗ ಕತ್ತಲಲ್ಲಿ ಇಳಿದು ಚಕ್ರಕ್ಕೆ ಹೇಗೆ ಕಲ್ಲು ಕೊಟ್ಟನೋ, ನೆನೆದರೆ ಇವತ್ತಿಗೂ ನನ್ನ ಕೈ ತಣ್ಣಗಾಗುತ್ತದೆ. ಅಂದು ಮಾತ್ರ ನೆನೆಯಲಿಲ್ಲ. ಬೆಳಗ್ಗೆ ತಡವಾಗಿ ಬಂದ ಲಾರಿಯ ಎದುರು ನಿಂತು, ಮಿಲ್ಲಿನವರು ಬೈದದ್ದನ್ನೆಲ್ಲ ಅವನ ಮೇಲೆ ಸುರಿದೆ. “ಗ್ಲಾಸು ಹಾಕಿಕೊಳ್ಳಲು ಸೋಮಾರಿತನ” ಎಂಬ ಮಾತೂ ಬಾಯಿಂದ ಬಂತು. ಅವನು ಎದುರಾಡಲಿಲ್ಲ. ಕೀ ತೆಗೆದು ಜಗಲಿಯ ಮೇಲಿಟ್ಟ, ಬೈರಾಸು ಹಿಂಡಿ ಹೆಗಲಿಗೆ ಹಾಕಿಕೊಂಡ, ಹೋದ.

ಡ್ರೈವರಿಲ್ಲದ ಲಾರಿ ಅಂಗಳದಲ್ಲಿ ನಿಂತಿತು. ಬಂದು ನೋಡಿದ ಇನ್ನೊಬ್ಬ ಡ್ರೈವರು ಮ್ಯಾಟು ಎತ್ತಿ, ಕೆಳಗಿನ ತಗಡನ್ನು ಹೆಬ್ಬೆರಳಿನಿಂದ ಒತ್ತಿದ. ತಗಡು ಹಪ್ಪಳದ ಹಾಗೆ ಮುರಿದು ಕೆಳಗಿನ ಮರಳು ಕಂಡಿತು. ಅವನೂ ಹೋದ.

ಆಗ ಭಾವ ದೋಣಿ ಕಟ್ಟುವ ಆಚಾರ್ರನ್ನು ಕರೆತಂದ. ಲಾರಿಗೂ ಆಚಾರ್ರಿಗೂ ಏನು ಸಂಬಂಧ ಎಂದು ನಾನು ಕೇಳಿದ್ದಕ್ಕೆ ಅವರೇ ಉತ್ತರ ಕೊಟ್ಟರು: “ದೋಣಿ ಆಯ್ಲಿ, ಮಾಡ್ ಆಯ್ಲಿ, ನೀರ್ ಬಿದ್ದ ಜಾಗವೇ ಬೇರೆ, ಬಂದ ಜಾಗವೇ ಬೇರೆ.”

ಮಾತು ಕೇಳಿ ನಾಚಿಕೆಯಾಯಿತು. ಹಂಚಿನ ಮಾಡಿನ ಕೆಳಗೆ ಬೆಳೆದವನಿಗೆ ಇದು ಗೊತ್ತಿಲ್ಲದ ಸಂಗತಿಯೆ? ಹಂಚು ಒಡೆದದ್ದು ಮೇಲೆಲ್ಲೋ. ನೀರು ರೀಪು ಹಿಡಿದು, ಪಕ್ಕಾಸು ಹಿಡಿದು, ಮಾರು ದೂರ ಜಾರಿ ದೇವರ ಕೋಣೆಯಲ್ಲಿ ತೊಟ್ಟಿಕ್ಕುತ್ತದೆ. ಮನೆಗಾದರೆ ಗೊತ್ತು, ಲಾರಿಗೆ ಗೊತ್ತಾಗಲಿಲ್ಲ. ಲಾರಿಯಲ್ಲಿ ಬೈಯಲು ಒಬ್ಬ ಮನುಷ್ಯ ಇದ್ದ.

ಆಚಾರ್ರು ನೀರು ಮುಟ್ಟುವ ಮೊದಲು ಎರಡು ದಿನ ಒಣಗಿಸಲು ಹೇಳಿದರು. ಲಾರಿಯನ್ನು ಐಸಿನವರ ಶೆಡ್ಡಿಗೆ ಒಯ್ದೆವು. ಮ್ಯಾಟು ತೆಗೆದು, ಸೀಟು ಕಳಚಿ, ಒಳಗೆಲ್ಲ ಒರೆಸಿ ಒಣಗಿಸಿದ ಮೇಲೆ ಅವರು ನನ್ನನ್ನು ಕೇಳಿದ್ದು ಸೀಮೆಸುಣ್ಣ. ನನ್ನ ಹತ್ತಿರ ಅದಕ್ಕೆ ಬರವೆ? ಪುಡಿ ಮಾಡಿ ಒಳಗಿನ ಸಂದಿಗಳಿಗೆಲ್ಲ ತೆಳ್ಳಗೆ ಬಳಿದೆವು. ನೀರು ಎಲ್ಲಿ ಹನಿದರೂ ಬಿಳಿಯ ಮೇಲೆ ಗೆರೆ ಎಳೆಯದೆ ಹೋಗಲಾರದು.

“ನೀವ್ ಒಳ್ ಕೂಕಣಿ. ಮಾತಾಡ್ದೆ ಕಾಣಿ.”

ಟಾರ್ಚು ಹಿಡಿದು ಡ್ರೈವರನ ಸೀಟಿನ ಜಾಗದಲ್ಲಿ ಕುಕ್ಕರಗಾಲಿನಲ್ಲಿ ಕುಳಿತೆ. ಅವರು ಹೊರಗಿನಿಂದ ಪೈಪಿನಲ್ಲಿ ನೀರು ಬಿಟ್ಟರು, ಕೆಳಗಿನಿಂದ ಮೇಲಕ್ಕೆ. ಮೊದಲು ಬಾಗಿಲಿನ ಬುಡ, ಆಮೇಲೆ ಗಾಜಿನ ಕೆಳ ಅಂಚು, ಆಮೇಲೆ ಬದಿ, ಕೊನೆಗೆ ನೆತ್ತಿ. ಒಂದೊಂದು ಕಡೆಗೂ ಹತ್ತು ನಿಮಿಷ. ಮೇಲಿನಿಂದಲೇ ಸುರಿದರೆ ನೀರು ಇಳಿಯುತ್ತ ಎಲ್ಲ ಸಂದಿಯನ್ನೂ ತೋಯಿಸುತ್ತದೆ, ಯಾವುದು ಕಳ್ಳ ಎಂದು ತಿಳಿಯುವುದಿಲ್ಲ. ಕೆಳಗಿನದು ಗಟ್ಟಿಯೆಂದು ಖಾತ್ರಿಯಾದ ಮೇಲೆ ಮೇಲಿನದನ್ನು ವಿಚಾರಿಸಬೇಕು.

ಬಾಗಿಲಿನಲ್ಲೇ ಮೊದಲ ಕಳ್ಳ ಸಿಕ್ಕಿದ. ಅಲ್ಲಾಡಿಸಿದರೆ ಒಳಗೆ ಇನ್ನೂ ಗುಳುಗುಳು ಎನ್ನುತ್ತಿತ್ತು.

“ಈ ಒಟ್ಟೆ ಯಾರ್ ಮುಚ್ಚಿದ್?”

ಗಾಜು ಇಳಿಯುವ ಸಂದಿಯಿಂದ ಮಳೆನೀರು ಬಾಗಿಲಿನ ಹೊಟ್ಟೆಗೆ ಹೋಗುವುದು ತಪ್ಪಲ್ಲವಂತೆ, ಎಲ್ಲ ಗಾಡಿಯಲ್ಲೂ ಹೋಗುತ್ತದಂತೆ. ಅದು ಹೊರಗೆ ಹೋಗಲೆಂದೇ ಕೆಳಗೆ ಆ ಒಟ್ಟೆಗಳು. ಬಾಗಿಲಿಗೆ ಅದೇ ಕೋಡಿ. ಕೋಡಿಯಲ್ಲಿ ಹುಟ್ಟಿದ ನಾನು ಕೋಡಿಯನ್ನೇ ಎಂಸೀಲ್ ಹಾಕಿ ಮುಚ್ಚಿದ್ದೆ. ತುಂಬಿದ ನೀರು ಒಳಗಡೆಗೆ ಉಕ್ಕಿ ತಗಡು ತಿಂದಿತ್ತು.

ಎರಡನೆಯವನು ಗಾಜಿನ ಬಲ ಮೂಲೆ. ಅಲ್ಲಿ ಸೀಮೆಸುಣ್ಣದ ಮೇಲೆ ಕೂದಲೆಳೆಯಂಥ ಗೆರೆ ಮೂಡಿತು. ಗಾಜು ತೆಗೆದು ನೋಡಿದರೆ ರಬ್ಬರಿನ ಅಡಿಯ ತಗಡು ತುಕ್ಕು ಹಿಡಿದು ಉಬ್ಬಿತ್ತು. ಕಡಲ ಗಾಳಿಯ ಉಪ್ಪು, ಮೀನಿನ ಐಸಿನ ಉಪ್ಪುನೀರು. ಕಬ್ಬಿಣ ತುಕ್ಕಾದಾಗ ಹಲವು ಪಟ್ಟು ಊದಿಕೊಂಡು ರಬ್ಬರನ್ನು ದೂಡುತ್ತದೆ. ಮೇಲಿನಿಂದ ಬಳಿದ ನನ್ನ ಡಾಂಬರು ನೀರನ್ನು ಅಲ್ಲೇ ಹಿಡಿದಿಟ್ಟು ಇನ್ನಷ್ಟು ಉಪಕಾರ ಮಾಡಿತ್ತು. ತುಕ್ಕನ್ನು ಬೆಳ್ಳಗಾಗುವವರೆಗೆ ಕೆರೆದು, ರೆಡ್ ಆಕ್ಸೈಡ್ ಬಳಿದು, ಹೊಸ ರಬ್ಬರು ಹಾಕಿದೆವು. ರಬ್ಬರಿನ ಸೀಳಿಗೆ ಹುರಿ ಸುತ್ತಿ, ಸೋಪಿನ ನೀರು ಸವರಿ, ಗಾಜನ್ನು ಹೊರಗಿನಿಂದ ಒತ್ತಿ ಹಿಡಿದು ಒಳಗಿನಿಂದ ಹುರಿ ಎಳೆದರೆ ರಬ್ಬರಿನ ತುಟಿ ತಾನಾಗಿ ಚೌಕಟ್ಟಿನ ಮೇಲೆ ಕೂರುತ್ತದೆ.

ಕೆಲಸ ಮುಗಿಯಿತೆಂದು ನಾನು ಎದ್ದೆ. ಆಚಾರ್ರು ಏಳಲಿಲ್ಲ. “ಅಂವ ಎಂತ ಹೇಳ್ತಿದ್ದ?” ಎಂದು ಕೇಳಿದರು. ತಿರುವಿನಲ್ಲಿ ಮಾತ್ರ ಬರುತ್ತದೆಂಬ ಮಾತನ್ನು ಹೇಳಿದೆ. ಈ ಸಲ ನಗು ಬರಲಿಲ್ಲ. ನೆತ್ತಿಗೆ ಹತ್ತು ನಿಮಿಷ ನೀರು ಬಿಟ್ಟರು. ಒಳಗೆ ಏನೂ ಇಲ್ಲ. ಆಮೇಲೆ ಲಾರಿಯ ಎಡಬದಿಗೆ ಜಾಕ್ ಕೊಟ್ಟು ಎತ್ತಿಸಿದರು.

ತಲೆಯ ಮೇಲಿನ ರೆಕ್ಸಿನ್ನಿನೊಳಗೆ ಏನೋ ಹರಿದ ಸದ್ದು. ಮರುಕ್ಷಣ ಬಲ ಕಂಬದ ಗುಂಟ ಒಂದು ಚೊಂಬಿನಷ್ಟು ನೀರು ಇಳಿದು, ನೇರ ನನ್ನ ಮೊಣಕಾಲ ಮೇಲೆ ಬಿತ್ತು. ತಣ್ಣಗೆ, ತುಕ್ಕಿನ ವಾಸನೆಯ ನೀರು. ಎಲ್ಲಿ ಬೀಳುತ್ತದೆಂದು ಅವನು ಹೇಳಿದ್ದನೋ ಅಲ್ಲಿಗೇ.

ನೆತ್ತಿಯ ಎಡಗಡೆ ಒಂದು ಬೋಲ್ಟಿನ ಸುತ್ತ ನೀರು ಇಳಿಯುತ್ತಿತ್ತು. ಇಳಿದದ್ದು ರೆಕ್ಸಿನ್ನಿನ ಮೇಲೆ ಮರದ ಅಡ್ಡಪಟ್ಟಿಯ ಬಳಿ ಕಟ್ಟಿಕೊಂಡು, ಲಾರಿ ಎಡಕ್ಕೆ ತಿರುಗಿದಾಗಲೆಲ್ಲ ಬಲಕ್ಕೆ ಹರಿಯುತ್ತಿತ್ತು. ಘಾಟಿಯಲ್ಲಿ ತಿರುವಿಗೇನು ಕೊರತೆ! ಬೋಲ್ಟು ಯಾವುದರದ್ದೆಂದು ಓದುಗರು ಆಗಲೇ ಊಹಿಸಿರಬಹುದು. ‘ಮಾತೃಕೃಪಾ’ ಬೋರ್ಡಿನದು. ಒಂದು ರಬ್ಬರ್ ವಾಷರ್ ಕೂಡ ಇಲ್ಲದೆ ತಗಡು ಕೊರೆಸಿದವನು ನಾನೇ.

ಬೋರ್ಡು ತೆಗೆಸಿ, ಒಟ್ಟೆಗೆ ತಗಡಿನ ತೇಪೆ ಹಾಕಿಸಿದೆ. ನೆಲಕ್ಕೆ ಹೊಸ ತಗಡು, ಫ್ಯೂಸಿಗೆ ಹೊಸ ಪೆಟ್ಟಿಗೆ. ಖರ್ಚನ್ನು ಲೆಕ್ಕದ ಪುಸ್ತಕದಲ್ಲಿ ಬರೆದೆ. ಬರೆಯಲು ಅಂಕಣವಿಲ್ಲದ್ದು ಒಂದು ಉಳಿದಿತ್ತು.

ಅವನ ಮನೆ ಗಂಗೊಳ್ಳಿಯಲ್ಲಿ. ಹೋದಾಗ ಜಗಲಿಯಲ್ಲಿ ಬಲೆ ಹಿಡಿದು ಕುಳಿತಿದ್ದ. ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದ ಮಾತುಗಳು ಬಾಯಿಗೆ ಬರಲಿಲ್ಲ. “ನೀನು ಹೇಳಿದ್ದೇ ಸರಿ, ತಿರುವಿನಲ್ಲೇ ಬರುತ್ತಿತ್ತು. ನಾನು ಒಳಗೆ ಕೂತು ನೋಡಿದೆ” ಎಂದೆ. ಅವನು ಬಲೆಯಿಂದ ತಲೆ ಎತ್ತಲಿಲ್ಲ. ಅವನ ಹೆಂಡತಿ ಚಾ ತಂದಿಟ್ಟಳು. ಚಾ ಆರುವವರೆಗೂ ಯಾರೂ ಮಾತಾಡಲಿಲ್ಲ.

ಮರುದಿನ ಮಳೆ ಸುರಿಯುತ್ತಿರುವಾಗಲೇ ಬಂದ. ಲಾರಿಗೆ ಒಂದು ಸುತ್ತು ಹಾಕಿ, ನೆತ್ತಿಯ ಕಡೆ ನೋಡಿದ.

“ಬೋರ್ಡ್ ಎಲ್ಲಿ ಮಾಷ್ಟ್ರೇ?”

“ಅದೇ ಸೋರುತ್ತಿದ್ದುದು.”

ಅವನು ಒಂದು ಕ್ಷಣ ನನ್ನನ್ನು ನೋಡಿದ. ಆಮೇಲೆ ನಕ್ಕ, ಜಗಲಿಯ ಮೇಲಿನ ಕೀ ತೆಗೆದುಕೊಂಡ. ಹತ್ತುವ ಮೊದಲು ಗೋಣಿಚೀಲವನ್ನು ಮಡಚಿ ಸೀಟಿನ ಹಿಂದೆ ಇಟ್ಟದ್ದನ್ನು ನಾನು ನೋಡಿದೆ. ನಂಬಿಕೆ ಬರಲು ಅವನಿಗೂ ಒಂದೆರಡು ಮಳೆ ಬೇಕಲ್ಲ.

ಲಾರಿ ಮಾರಿ ಎಷ್ಟೋ ವರ್ಷವಾಯಿತು. ಬೋರ್ಡು ನಮ್ಮ ಅಟ್ಟದಲ್ಲಿದೆ. ಮಳೆ ಜೋರಾದಾಗ ಮಾಡಿನಿಂದ ಅದರ ಮೇಲೆ ಹನಿ ಬೀಳುವ ಸದ್ದು ಕೇಳುತ್ತದೆ. ಏಣಿ ತಂದು ಹಂಚು ಹುಡುಕುತ್ತೇನೆ, ಬಿದ್ದ ಕಡೆಯಲ್ಲ.