ಮದ್ದಿನ ಚೀಟಿ

ಸಂತೆಗೆ ಹೋದವನು ಬರಿಗೈಯಲ್ಲಿ ಹಿಂದಿರುಗುವುದು ಅಪರೂಪ. ತೊಗರಿಬೇಳೆ ಇಲ್ಲದಿದ್ದರೆ ಹೆಸರುಬೇಳೆ ಬಂದೀತು. ಬದನೆಕಾಯಿ ದೊರೆಯದಿದ್ದರೆ ಹೀರೆಕಾಯಿ ಚೀಲವನ್ನು ಸೇರೀತು. ಅಕ್ಕಿ ತುಟ್ಟಿಯಾದರೆ ಜೋಳದ ರೊಟ್ಟಿಯಲ್ಲಿಯೇ ಒಂದು ವಾರ ಕಳೆದೀತು. ಒಂದರ ಬದಲಿಗೆ ಇನ್ನೊಂದು ಎಂಬ ಈ ಹೊಂದಾಣಿಕೆಯ ಮೇಲೆಯೇ ಮನುಷ್ಯನ ದಿನದ ಬಾಳು ಬಹುಮಟ್ಟಿಗೆ ನಿಂತಿದೆ. ಆದರೆ ಈ ಹೊಂದಾಣಿಕೆಗೆ ಸುಲಭವಾಗಿ ಒಗ್ಗದ ವಸ್ತುವೊಂದಿದೆ. ಅದು ಮದ್ದು. ಹೊಟ್ಟೆ ಹಸಿದವನು ಬೇಳೆಯನ್ನು ಬದಲಿಸಬಹುದು. ರೋಗ ಹಿಡಿದವನು ಮದ್ದನ್ನು ತನಗೆ ತೋರಿದಂತೆ ಬದಲಿಸಲಾರ.

ವೈದ್ಯರು ಬರೆದುಕೊಡುವ ಚೀಟಿ ಅಂಗೈಯಗಲದ ಕಾಗದ. ಅದನ್ನು ಹಿಡಿದು ಬಂದವನಿಗೆ ಅದರಲ್ಲಿರುವ ಅಕ್ಷರಗಳು ತಿಳಿಯದಿದ್ದರೂ ಹೊಲದ ಪಹಣಿಗಿಂತ ಹೆಚ್ಚು ಜೋಪಾನವಾಗಿ ಅದನ್ನು ಮಡಚಿ ಜೇಬಿನಲ್ಲಿಟ್ಟಿರುತ್ತಾನೆ. ಹಳ್ಳಿಯವರು 'ಮೆಡಿಕಲ್' ಎಂದು ಕರೆಯುವ ಔಷಧದ ಅಂಗಡಿಯ ಕಟ್ಟೆಯ ಮೇಲೆ ಅದನ್ನು ಬಿಡಿಸಿ ಇಡುತ್ತಾನೆ. ಅಂಗಡಿಯವನ ಕಣ್ಣು ಚೀಟಿಯ ಮೇಲೆ ಓಡುತ್ತದೆ. ಮರುಕ್ಷಣ ಅವನ ಕೈ ಹಿಂದಿನ ಗೂಡಿನತ್ತ ಚಾಚಿದರೆ ಬಂದವನ ಮುಖ ಅರಳುತ್ತದೆ. ಕೈ ಚಾಚದೆ ಕಣ್ಣು ಮತ್ತೊಮ್ಮೆ ಚೀಟಿಯನ್ನು ಓದಿದರೆ ಎದೆ ಕುಸಿಯುತ್ತದೆ. 'ಇಲ್ಲ' ಎಂಬ ಮಾತು ಬಾಯಿಂದ ಹೊರಡುವ ಮೊದಲೇ ಅವನು ಅದನ್ನು ಆ ಕೈಯಲ್ಲಿ ಓದಿಕೊಂಡಿರುತ್ತಾನೆ.

ಕೊಪ್ಪಳ ಜಿಲ್ಲೆಯ ಗಂಗಾವತಿ ಭತ್ತದ ಊರು. ಸುತ್ತಲಿನ ಹಳ್ಳಿಗಳ ಭತ್ತ ಇಲ್ಲಿನ ಗಿರಣಿಗಳಿಗೆ ಬರುವಂತೆ, ಸುತ್ತಲಿನ ಹಳ್ಳಿಗಳ ಚೀಟಿಗಳು ಇಲ್ಲಿನ ಔಷಧದ ಅಂಗಡಿಗಳಿಗೆ ಬರುತ್ತವೆ. ಮರಳಿ ಅಂತಹ ಊರುಗಳಲ್ಲೊಂದು. ಜ್ವರದ ಗುಳಿಗೆ, ಕೆಮ್ಮಿನ ಔಷಧ, ಸಕ್ಕರೆ ಕಾಯಿಲೆಯ ಮಾತ್ರೆ ಇವುಗಳಿಗೆ ಬಂದವರು ನಿರಾಶರಾಗುವುದು ಕಡಿಮೆ. ಆದರೆ ೨೦೨೧ರ ಮೇ ತಿಂಗಳಿನಲ್ಲಿ, ಗಂಗಾವತಿಯಲ್ಲಿ ಮಾತ್ರವಲ್ಲ, ಭಾರತದ ಬಹುತೇಕ ಎಲ್ಲ ಊರುಗಳಲ್ಲಿಯೂ ಒಂದೇ ಹೆಸರನ್ನು ಬರೆದ ಚೀಟಿಗಳು ಅಂಗಡಿಯಿಂದ ಅಂಗಡಿಗೆ ಅಲೆಯತೊಡಗಿದವು. ಆ ಹೆಸರು ಆಂಫೊಟೆರಿಸಿನ್-ಬಿ.

ಕೊರೋನಾ ಪಿಡುಗಿನ ಎರಡನೆಯ ಅಲೆ ಆಗ ಉಕ್ಕಿ ಹರಿಯುತ್ತಿತ್ತು. ಅದರಿಂದ ಪಾರಾಗಿ, ಬದುಕಿದೆನೆಂದು ನಿಟ್ಟುಸಿರು ಬಿಟ್ಟವರಲ್ಲಿ ಕೆಲವರಿಗೆ ಮೂಗು ಕಟ್ಟಿತು, ಕೆನ್ನೆ ಜೋಮು ಹಿಡಿಯಿತು, ಕಣ್ಣು ಊದಿಕೊಂಡಿತು. ಮ್ಯೂಕರ್‌ಮೈಕೋಸಿಸ್ ಎಂಬ ರೋಗವದು. ಜನ ಅದನ್ನು 'ಕಪ್ಪು ಶಿಲೀಂಧ್ರ' ಎಂದು ಕರೆದರು. ವಾಸ್ತವವಾಗಿ ಆ ಶಿಲೀಂಧ್ರ ಕಪ್ಪಲ್ಲ. ಅದು ರಕ್ತನಾಳಗಳನ್ನು ಹೊಕ್ಕು ರಕ್ತದ ಹರಿವನ್ನು ತಡೆಯುವುದರಿಂದ ಸತ್ತುಹೋದ ಮಾಂಸ ಕಪ್ಪಾಗುತ್ತದೆ. ಮಣ್ಣು, ಗೊಬ್ಬರ, ಕೊಳೆಯುವ ಎಲೆ ಇವುಗಳಲ್ಲಿ ಈ ಬೂಷ್ಟಿನ ಕಣಗಳು ಸದಾ ಇರುತ್ತವೆ. ಗಟ್ಟಿ ದೇಹದವರನ್ನು ಅವು ಏನೂ ಮಾಡಲಾರವು. ಆದರೆ ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯವರಲ್ಲಿಯೂ, ಸ್ಟಿರಾಯ್ಡ್ ಔಷಧಗಳಿಂದ ರೋಗ ತಡೆಯುವ ಶಕ್ತಿ ಕುಗ್ಗಿದವರಲ್ಲಿಯೂ ಅವು ಬೇರೂರುತ್ತವೆ. ಒಬ್ಬರಿಂದೊಬ್ಬರಿಗೆ ಹರಡುವ ರೋಗವಲ್ಲವಾದರೂ, ಹಿಡಿದವರನ್ನು ಬೇಗ ಬಿಡುವುದಿಲ್ಲ. ಮೂಗಿನಿಂದ ಕಣ್ಣಿಗೆ, ಕಣ್ಣಿನಿಂದ ಮಿದುಳಿಗೆ ಸಾಗುತ್ತದೆ. ಕೊಳೆತ ಭಾಗವನ್ನು ಶಸ್ತ್ರದಿಂದ ತೆಗೆಯಬೇಕು. ಜೊತೆಗೆ ಮದ್ದನ್ನು ತಡಮಾಡದೆ ಕೊಡಬೇಕು.

ಆ ಮದ್ದಿನ ಕಥೆಯೂ ಸ್ವಾರಸ್ಯವಾದದ್ದು. ೧೯೫೦ರ ದಶಕದ ನಡುಭಾಗದಲ್ಲಿ ಅಮೆರಿಕದ ವಿಜ್ಞಾನಿಗಳು ವೆನೆಜುವೆಲಾ ದೇಶದ ಒರಿನೋಕೋ ನದಿಯ ಪ್ರದೇಶದಿಂದ ತಂದ ಹಿಡಿ ಮಣ್ಣಿನಲ್ಲಿ ಒಂದು ಸೂಕ್ಷ್ಮಜೀವಿಯನ್ನು ಕಂಡರು. ಆ ಜೀವಿ ಸ್ರವಿಸುವ ವಸ್ತುವೇ ಆಂಫೊಟೆರಿಸಿನ್-ಬಿ. ಮಣ್ಣಿನಲ್ಲಿರುವ ಬೂಷ್ಟಿನಿಂದ ಬಂದ ರೋಗಕ್ಕೆ ಮಣ್ಣಿನಲ್ಲಿರುವ ಇನ್ನೊಂದು ಜೀವಿಯೇ ಮದ್ದನ್ನು ಒದಗಿಸಿತು. ಆದರೆ ಈ ಮದ್ದು ಮೂತ್ರಪಿಂಡಗಳ ಮೇಲೆ ಕಠಿಣವಾದುದು. ಆದ್ದರಿಂದ ಅದನ್ನು ಅತಿ ಸೂಕ್ಷ್ಮವಾದ ಕೊಬ್ಬಿನ ಗುಳ್ಳೆಗಳಲ್ಲಿ ಅಡಗಿಸಿ ಕೊಡುವ ವಿಧಾನ ಮುಂದೆ ಬಂದಿತು. ಹೀಗೆ ಸಿದ್ಧವಾದ ಮದ್ದಿಗೆ ಲೈಪೋಸೋಮಲ್ ಎಂಬ ವಿಶೇಷಣ ಸೇರಿತು. ೨೦೨೧ರಲ್ಲಿ ವೈದ್ಯರು ಹೆಚ್ಚಾಗಿ ಬಯಸಿದ್ದು ಇದನ್ನೇ.

ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಈ ಮದ್ದನ್ನು ರೋಗಿಯ ತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ ಸುಮಾರು ೫ ಮಿಲಿಗ್ರಾಮಿನಂತೆ ಕೊಡಲಾಗುತ್ತದೆ. ೬೦ ಕಿಲೋಗ್ರಾಮ್ ತೂಕದವರಿಗೆ ದಿನಕ್ಕೆ ೩೦೦ ಮಿಲಿಗ್ರಾಮ್ ಬೇಕು. ಒಂದು ಸೀಸೆಯಲ್ಲಿರುವುದು ೫೦ ಮಿಲಿಗ್ರಾಮ್. ಅಂದರೆ ದಿನಕ್ಕೆ ೬ ಸೀಸೆ; ಮೂರು ವಾರದ ಚಿಕಿತ್ಸೆಗೆ ೧೨೬ ಸೀಸೆ. ೨೦೨೧ರ ಮೇ ೨೬ರಂದು ಕೇಂದ್ರ ಸರ್ಕಾರ ರಾಜ್ಯಗಳಿಗೆ ಹೆಚ್ಚುವರಿಯಾಗಿ ಹಂಚಿದ್ದು ೨೯,೨೫೦ ಸೀಸೆಗಳು. ಆ ದಿನ ದೇಶದಲ್ಲಿ ಚಿಕಿತ್ಸೆಯಲ್ಲಿದ್ದ ರೋಗಿಗಳು ೧೧,೭೧೭ ಮಂದಿ. ಭಾಗಿಸಿ ನೋಡಿದರೆ ತಲೆಗೆ ಎರಡೂವರೆ ಸೀಸೆ. ಒಬ್ಬ ರೋಗಿಯ ಅರ್ಧ ದಿನಕ್ಕೂ ಅದು ಸಾಲದು. ಶಾಲೆಯಲ್ಲಿ ಕಲಿತ ಸರಳ ಭಾಗಾಕಾರ ಇಷ್ಟು ಕಠೋರವಾದ ಉತ್ತರವನ್ನು ಕೊಡುವುದು ವಿರಳ.

ಅಂತಹ ದಿನಗಳಲ್ಲಿ ಮರಳಿಯಿಂದ ಹೊರಟ ರೈತನೊಬ್ಬನನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಬೇಸಗೆಯ ಭತ್ತದ ಕೊಯ್ಲು ಮುಗಿದಿದೆ. ತಮ್ಮ ಆಸ್ಪತ್ರೆಯಲ್ಲಿದ್ದಾನೆ. ಮೇ ೧೦ರಿಂದ ರಾಜ್ಯದಲ್ಲಿ ಲಾಕ್‌ಡೌನ್, ಬಸ್ಸುಗಳಿಲ್ಲ. ರೈತ ನೆರೆಯವನ ಮೋಟಾರ್ ಸೈಕಲ್ಲನ್ನು ಕೇಳಿ ಪಡೆದು ಹೊರಡುತ್ತಾನೆ. ದಾರಿಯಲ್ಲಿ ಪೋಲೀಸರು ತಡೆದಾಗ ಮಾತಿಲ್ಲದೆ ಚೀಟಿಯನ್ನು ತೋರಿಸುತ್ತಾನೆ; ಅವರೂ ಮಾತಿಲ್ಲದೆ ದಾರಿ ಬಿಡುತ್ತಾರೆ. ಗಂಗಾವತಿಯ ಅಂಗಡಿಯ ಹುಡುಗ ಚೀಟಿಯನ್ನು ಎರಡು ಸಲ ಓದಿ, "ಇಲ್ರಿ ಕಾಕಾ, ಈ ಇಂಜೆಕ್ಷನ್ ನಮ್ಮ ಕಡೆ ಬರೂದಿಲ್ಲ. ಕೊಪ್ಪಳದಾಗ ಕೇಳಿ ನೋಡ್ರಿ" ಎನ್ನುತ್ತಾನೆ. ಕೊಪ್ಪಳದವರು ಗದಗಿನ ಕಡೆಗೂ, ಗದಗಿನವರು ಹುಬ್ಬಳ್ಳಿಯ ಕಡೆಗೂ ಕೈ ತೋರಿಸುತ್ತಾರೆ. ನೂರೈವತ್ತು ಕಿಲೋಮೀಟರಿಗೂ ಮಿಕ್ಕಿದ ದಾರಿ. ಹುಬ್ಬಳ್ಳಿಯಲ್ಲಿ ಹಿರಿಯ ಅಂಗಡಿಕಾರನೊಬ್ಬ ಅವನನ್ನು ಕುಳ್ಳಿರಿಸಿ, ನೀರು ಕೊಟ್ಟು, "ಯಜಮಾನ್ರ, ಇದನ್ನ ಅಂಗಡ್ಯಾಗ ಹುಡುಕಬ್ಯಾಡ್ರಿ. ಸರ್ಕಾರದವರು ಆಸ್ಪತ್ರಿಗೇ ಹಂಚಾಕತ್ಯಾರ. ನಿಮ್ಮ ಡಾಕ್ಟರಿಗೆ ಹೇಳಿ ಹೆಸರು ಬರೆಸ್ರಿ" ಎಂದು ತಿಳಿಸುತ್ತಾನೆ. ಆ ಮಾತಿನಲ್ಲಿಯೂ ಮದ್ದಿರಲಿಲ್ಲ, ಆದರೆ ದಾರಿಯಿತ್ತು. 'ಇಲ್ಲ' ಎಂಬ ಮಾತನ್ನೂ ಉಪಕಾರವಾಗುವಂತೆ ಹೇಳಲು ಬರುತ್ತದೆಂಬುದನ್ನು ಇಂಥವರಿಂದ ಕಲಿಯಬೇಕು.

ಹಣವಿದ್ದವನಿಗೂ ದೊರೆಯದಷ್ಟು ಆ ಮದ್ದು ಏಕೆ ವಿರಳವಾಯಿತು? ಅದಕ್ಕೆ ಕಾರಣಗಳಿವೆ. ಅದುವರೆಗೆ ಈ ರೋಗ ಅಪರೂಪದ್ದಾಗಿತ್ತು. ಮಾರಾಟವಾಗುವಷ್ಟನ್ನೇ ಕಾರ್ಖಾನೆಗಳು ತಯಾರಿಸುತ್ತವೆ. ಅವಧಿ ಮೀರಿದರೆ ಮದ್ದು ಕಸವಾಗುವುದರಿಂದ ಯಾರೂ ಅದನ್ನು ರಾಶಿ ಹಾಕಿ ಇಡುವುದಿಲ್ಲ. ತಯಾರಿಸುವ ಕಂಪನಿಗಳು ಬೆರಳೆಣಿಕೆಯಷ್ಟು. ಕೊಬ್ಬಿನ ಗುಳ್ಳೆಗಳಿಗೆ ಬೇಕಾದ ವಿಶೇಷವಾದ ಕಚ್ಚಾವಸ್ತು ಎಲ್ಲೆಂದರಲ್ಲಿ ಸಿಕ್ಕುವಂಥದಲ್ಲ. ಬೇಡಿಕೆ ಕೆಲವೇ ವಾರಗಳಲ್ಲಿ ಹಲವು ಪಟ್ಟು ಬೆಳೆಯಿತು. ಕಾರ್ಖಾನೆ ಹಾಗೆ ಬೆಳೆಯಲಾರದು.

ಕಾಲುವೆಯ ನೀರನ್ನು ಕಂಡ ರೈತನಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ಉದ್ದ ಹರಿದು ರಾಯಚೂರು ಜಿಲ್ಲೆಯನ್ನು ಸೇರುತ್ತದೆ. ಅಣೆಕಟ್ಟು ತುಂಬಿದ ವರ್ಷ ಎಲ್ಲರಿಗೂ ನೀರುಂಟು. ಮಳೆ ಕೈಕೊಟ್ಟ ವರ್ಷ ಮೇಲ್ಭಾಗದ ತೂಬುಗಳಲ್ಲಿ ನೀರು ಹರಿದರೂ ಕೊನೆಯ ಭಾಗದ ರೈತರು ಒಣಗಿದ ಕಾಲುವೆಯ ದಂಡೆಯ ಮೇಲೆ ಕುಳಿತು ದಾರಿ ಕಾಯುತ್ತಾರೆ. ಗಂಗಾವತಿಯ ಸೀಮೆ ಈ ಕಾಲುವೆಗೆ ಮೇಲ್ಭಾಗ. ಆದರೆ ಮದ್ದು ಹರಿದು ಬರುವ ಕಾಲುವೆಯೇ ಬೇರೆ. ಅದು ದೂರದ ಕಾರ್ಖಾನೆಯಲ್ಲಿ ಹುಟ್ಟಿ, ರಾಜಧಾನಿಗಳನ್ನೂ ದೊಡ್ಡ ನಗರಗಳನ್ನೂ ಹಾದು, ಜಿಲ್ಲಾ ಕೇಂದ್ರವನ್ನು ಮುಟ್ಟಿ, ಕಡೆಗೆ ತಾಲ್ಲೂಕಿನ ಅಂಗಡಿಗೆ ಬರುತ್ತದೆ. ಆ ಕಾಲುವೆಯಲ್ಲಿ ಮರಳಿಯೇ ಕೊನೆಯ ತೂಬು. ನೀರಿನಲ್ಲಿ ಮೊದಲಿಗನಾದವನು ಮದ್ದಿನಲ್ಲಿ ಕೊನೆಯವನಾದಾಗ, ಕೊನೆಯ ಭಾಗದ ರೈತನ ಸಂಕಟವೇನೆಂಬುದು ಅವನಿಗೆ ಅರಿವಾದೀತು.

ಅಭಾವವಿರುವಲ್ಲಿ ಮೋಸವೂ ಹುಟ್ಟುತ್ತದೆ. ೨೦೨೧ರ ಏಪ್ರಿಲ್ ತಿಂಗಳಿನಲ್ಲಿ ರೆಮ್‌ಡೆಸಿವಿರ್ ಎಂಬ ಮದ್ದು ವಿರಳವಾಗಿದ್ದಾಗ, ಬಳಸಿ ಬಿಸುಟ ಸೀಸೆಗಳಿಗೆ ಸಲೈನ್ ನೀರನ್ನು ತುಂಬಿ ಮಾರುತ್ತಿದ್ದ ಜಾಲವನ್ನು ಮೈಸೂರಿನಲ್ಲಿ ಪೋಲೀಸರು ಪತ್ತೆ ಹಚ್ಚಿದರು. ಹಾಲಿಗೆ ನೀರು ಬೆರೆಸುವವನು ಹಣವನ್ನು ಕದಿಯುತ್ತಾನೆ. ಮದ್ದಿನ ಸೀಸೆಗೆ ನೀರು ತುಂಬುವವನು ಆಯುಸ್ಸನ್ನೇ ಕದಿಯುತ್ತಾನೆ. ಬೇರೊಂದು ಅಪಾಯವೂ ಇದೆ. ಆಂಫೊಟೆರಿಸಿನ್‌ನ ಹಳೆಯ ಬಗೆಯನ್ನು ಕೊಡುವ ಪ್ರಮಾಣ ಕಿಲೋಗ್ರಾಮಿಗೆ ಸುಮಾರು ೧ ಮಿಲಿಗ್ರಾಮ್ ಮಾತ್ರ. ಹೆಸರು ಒಂದೇ ಎಂದು ಒಂದರ ಬದಲಿಗೆ ಇನ್ನೊಂದನ್ನು ಅದೇ ಅಳತೆಯಲ್ಲಿ ಕೊಟ್ಟರೆ ಜೀವಕ್ಕೇ ಕುತ್ತು. ಆದುದರಿಂದಲೇ ಬದಲಿ ಮದ್ದನ್ನು ಸೂಚಿಸುವ ಅಧಿಕಾರ ವೈದ್ಯರದು. ಅದು ಅಂಗಡಿಯವನದೂ ಅಲ್ಲ, ಗಾಬರಿಗೊಂಡ ಮನೆಯವರದೂ ಅಲ್ಲ.

ಕೊರತೆ ಹಾಗೆಯೇ ಉಳಿಯಲಿಲ್ಲ. ಅದೇ ಮೇ ತಿಂಗಳಿನಲ್ಲಿ ಇನ್ನೂ ೫ ಕಂಪನಿಗಳಿಗೆ ಈ ಮದ್ದನ್ನು ತಯಾರಿಸುವ ಪರವಾನಗಿ ದೊರೆಯಿತು, ಹೊರದೇಶಗಳಿಂದಲೂ ತರಿಸಲಾಯಿತು. ಜೂನ್ ೧೨ರಂದು ಸರಕು ಮತ್ತು ಸೇವಾ ತೆರಿಗೆ ಮಂಡಳಿ ಇದರ ಮೇಲಿನ ಶೇಕಡಾ ೫ರ ತೆರಿಗೆಯನ್ನು ತೆಗೆದುಹಾಕಿತು. ಆದರೂ ಜುಲೈ ತಿಂಗಳ ಹೊತ್ತಿಗೆ ದೇಶದಲ್ಲಿ ೪೫,೦೦೦ಕ್ಕೂ ಹೆಚ್ಚು ಮಂದಿಗೆ ಈ ರೋಗ ತಗಲಿತ್ತು. ೪,೦೦೦ಕ್ಕೂ ಹೆಚ್ಚು ಮಂದಿ ತೀರಿಕೊಂಡಿದ್ದರು. ಬದುಕಿ ಉಳಿದವರಲ್ಲಿ ಒಂದು ಕಣ್ಣನ್ನು ತೆತ್ತವರು ಹಲವರು.

ಮದ್ದಿನ ಬರ ಈ ಕಾಲಕ್ಕೆ ಮಾತ್ರ ಮೀಸಲಾದುದಲ್ಲ. ೧೯೪೧ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಪೋಲೀಸನೊಬ್ಬನಿಗೆ ಪೆನ್ಸಿಲಿನ್ ಕೊಡಲಾಯಿತು. ಆಗ ಜಗತ್ತಿನಲ್ಲಿ ಆ ಮದ್ದು ಇದ್ದದ್ದೇ ಅತ್ಯಲ್ಪ. ರೋಗಿ ಚೇತರಿಸಿಕೊಳ್ಳತೊಡಗಿದ. ವಿಜ್ಞಾನಿಗಳು ಅವನ ಮೂತ್ರವನ್ನು ಸಂಗ್ರಹಿಸಿ, ಅದರಲ್ಲಿ ಹೊರಬಂದ ಪೆನ್ಸಿಲಿನ್ನನ್ನು ಬೇರ್ಪಡಿಸಿ ಮತ್ತೆ ಅವನಿಗೇ ಕೊಟ್ಟರು. ಅದೂ ಮುಗಿಯಿತು. ರೋಗ ಮರುಕಳಿಸಿ ಆತ ಮಡಿದ. ಕೆಲವೇ ವರ್ಷಗಳಲ್ಲಿ ಅದೇ ಮದ್ದು ದೊಡ್ಡ ದೊಡ್ಡ ತೊಟ್ಟಿಗಳಲ್ಲಿ ತಯಾರಾಗತೊಡಗಿತು. ಸ್ವತಂತ್ರ ಭಾರತವೂ ಈ ಪಾಠವನ್ನು ಕಲಿತು, ೧೯೫೪ರಲ್ಲಿ ಪುಣೆಯ ಬಳಿಯ ಪಿಂಪ್ರಿಯಲ್ಲಿ ಹಿಂದೂಸ್ಥಾನ್ ಆಂಟಿಬಯಾಟಿಕ್ಸ್ ಸಂಸ್ಥೆಯನ್ನು ಕಟ್ಟಿತು. ೧೯೮೧ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಆಂಟಿಬಯಾಟಿಕ್ಸ್ ಸಂಸ್ಥೆ ಹುಟ್ಟಿತು. ಮದ್ದನ್ನು ಕಂಡುಹಿಡಿಯುವುದು ಒಂದು ಸಾಧನೆ; ಅದನ್ನು ಎಲ್ಲರಿಗೂ ಸಾಕಾಗುವಷ್ಟು ತಯಾರಿಸುವುದು ಇನ್ನೊಂದು; ಬೇಕಾದ ದಿನ, ಬೇಕಾದ ಊರಿನಲ್ಲಿ ಅದು ಕೈಗೆ ಸಿಕ್ಕುವಂತೆ ಮಾಡುವುದು ಮೂರನೆಯ ಸಾಧನೆ. ಈ ಮೂರನೆಯದಕ್ಕೆ ಯಾರೂ ಬಿರುದು ಕೊಡುವುದಿಲ್ಲ.

ಊರಿನ ಹಗೇವುಗಳಲ್ಲಿ ಹಿಂದಿನವರು ಬರಗಾಲಕ್ಕೆಂದು ಜೋಳವನ್ನು ತುಂಬಿಡುತ್ತಿದ್ದರು. ಒಳ್ಳೆಯ ಬೆಳೆ ಬಂದ ವರ್ಷವೇ ಹಗೇವನ್ನು ತುಂಬಬೇಕು. ಬರ ಬಂದ ಮೇಲೆ ತೋಡಿದ ಹಗೇವಿನಲ್ಲಿ ಇಡಲು ಕಾಳಿರುವುದಿಲ್ಲ. ಮದ್ದಿಗೂ ಈ ಮಾತು ಸಲ್ಲುತ್ತದೆ. ಅಪರೂಪದ ರೋಗಕ್ಕೆ ಬೇಕಾದ ಮದ್ದು ಜಿಲ್ಲೆಗೊಂದು ಕಡೆ ಸ್ವಲ್ಪವಾದರೂ ಇದ್ದು, ಅದು ಎಲ್ಲಿದೆಯೆಂಬುದು ತಾಲ್ಲೂಕಿನ ವೈದ್ಯರಿಗೂ ಅಂಗಡಿಯವರಿಗೂ ತಿಳಿದಿದ್ದರೆ, ಚೀಟಿ ಹಿಡಿದವನು ನಾಲ್ಕು ಊರು ಅಲೆಯಬೇಕಾಗಿಲ್ಲ. ಅವಧಿ ಮೀರಿದ ಹತ್ತು ಸೀಸೆಗಳನ್ನು ಎಸೆಯುವ ನಷ್ಟವನ್ನು ಲೆಕ್ಕದ ಪುಸ್ತಕ ತೋರಿಸುತ್ತದೆ. ಹನ್ನೊಂದನೆಯ ಸೀಸೆಯಿಂದ ಉಳಿದ ಒಂದು ಕಣ್ಣನ್ನು ಬರೆಯಲು ಆ ಪುಸ್ತಕದಲ್ಲಿ ಅಂಕಣವಿಲ್ಲ. ಅದನ್ನು ನೆನಪಿನಲ್ಲಿಟ್ಟು ಲೆಕ್ಕ ಬರೆಯುವವರು ನಾಡಿಗೆ ಬೇಕಾಗಿದ್ದಾರೆ.