ಭಿತ್ತಿಯೂ ಪೊರೆಯೂ

ಮಕ್ಕಳಿಗೆ ಪಾಠ ಹೇಳಿಕೊಡುವ ತಂದೆಯರು ತಮ್ಮ ತಮ್ಮ ಶಾಸ್ತ್ರದ ಎಲ್ಲೆಯನ್ನು ದಾಟಬಾರದು. ಈ ವಿವೇಕ ನನಗೆ ಬಂದದ್ದು ಎರಡು ಅಂಕಗಳನ್ನು ಕಳೆದ ಮೇಲೆ. ಅವೂ ನನ್ನವಲ್ಲ, ಒಂಬತ್ತನೆಯ ತರಗತಿಯಲ್ಲಿ ಓದುವ ನನ್ನ ಮಗಳವು.

ಪರೀಕ್ಷೆಯ ಹಿಂದಿನ ರಾತ್ರಿ ಅವಳು, "ಅಪ್ಪಾ, ಕೋಶಭಿತ್ತಿಗೂ ಕೋಶಪೊರೆಗೂ ಏನು ವ್ಯತ್ಯಾಸ?" ಎಂದು ಕೇಳಿದಳು. ಇಪ್ಪತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವನಿಗೆ ಇದೂ ಒಂದು ಪ್ರಶ್ನೆಯೇ? "ಭಿತ್ತಿ ಸಂಸ್ಕೃತ, ಪೊರೆ ಕನ್ನಡ, ಎರಡೂ ಹೊದಿಕೆಯೇ" ಎಂದು ತೀರ್ಪು ಕೊಟ್ಟೆ. ಪಾಪ, ನಂಬಿದಳು, ಹಾಗೆಯೇ ಬರೆದು ಬಂದಳು. ಆ ಉತ್ತರದ ಮೇಲೆ ಎಳೆದಿದ್ದ ಕೆಂಪು ಗೆರೆಯನ್ನು ಕಂಡಾಗ ನನ್ನ ಎಂ.ಎ. ಪದವಿಯ ಮೇಲೆಯೇ ಎಳೆದಂತಾಯಿತು.

ಪ್ರಾಯಶ್ಚಿತ್ತಕ್ಕಾಗಿ ನಾನೇ ಪುಸ್ತಕ ಹಿಡಿದು ಕುಳಿತೆ. ಗಿಡದ ಕೋಶಕ್ಕೆ ಎರಡೂ ಉಂಟಂತೆ: ಹೊರಗೆ ಸೆಲ್ಯುಲೋಸಿನ ಬಿಗಿಯಾದ ಭಿತ್ತಿ, ಅದಕ್ಕೆ ಒತ್ತಿಕೊಂಡು ಒಳಗೆ ಪೊರೆ. ನಮ್ಮ ನಿಮ್ಮ ಮೈಯ ಕೋಶಗಳಿಗೆ ಪೊರೆಯೊಂದೇ, ಭಿತ್ತಿಯಿಲ್ಲ. ನೀರು ಹೀರಿ ಉಬ್ಬಿದ ಕೋಶ ಒಡೆಯದಂತೆ ಹಿಡಿದಿಡುವುದು ಭಿತ್ತಿ. ಅದಿಲ್ಲದ ನಮ್ಮ ಕೆಂಪು ರಕ್ತಕಣವನ್ನು ಬರಿಯ ನೀರಿಗೆ ಹಾಕಿದರೆ ಊದಿಕೊಂಡು ಒಡೆದೇ ಹೋಗುತ್ತದೆ.

ಇಷ್ಟು ಓದಿದಾಗ ಭಿತ್ತಿಯೇ ದೊಡ್ಡದು, ಪೊರೆ ಅದರ ಒಳಗಿನ ಅಸ್ತರಿ ಎಂದುಕೊಂಡೆ. ಆ ತಪ್ಪನ್ನು ತಿದ್ದಿದ್ದು ಅಡಿಗೆಮನೆಯ ಬೀಟ್‌ರೂಟ್. ಹೆಚ್ಚಿ ತೊಳೆದು ತಣ್ಣೀರಿನಲ್ಲಿ ಬಿಟ್ಟಾಗ ಹೋಳುಗಳು ಹೆಚ್ಚೇನೂ ಬಣ್ಣ ಬಿಡಲಿಲ್ಲ. ಒಲೆಯ ಮೇಲಿಟ್ಟ ಸ್ವಲ್ಪ ಹೊತ್ತಿಗೆ ನೀರೆಲ್ಲ ಓಕುಳಿ. ಅಲ್ಲಿಯತನಕ ಬಣ್ಣವನ್ನು ಹಿಡಿದಿಟ್ಟಿದ್ದವರು ಯಾರು? ಭಿತ್ತಿಯಲ್ಲ. ನೀರು, ಉಪ್ಪು, ಸಕ್ಕರೆ, ಬಣ್ಣ ಇವನ್ನು ಭಿತ್ತಿ ತಡೆಯುವುದೇ ಇಲ್ಲ. ಇದು ಬರಲಿ, ಅದು ಬೇಡ ಎಂದು ಆರಿಸುವುದು ಪೊರೆಯ ಕೆಲಸ; ಬಣ್ಣ ತುಂಬಿದ ಒಳಚೀಲಕ್ಕಿರುವುದೂ ಪೊರೆಯೇ. ಬಿಸಿ ತಾಗಿ ಪೊರೆ ಹಾಳಾಯಿತು, ಬಣ್ಣ ಹೊರಬಿತ್ತು.

ಇಂಥ ಕಾವಲುಗಾರನ ದಪ್ಪವಾದರೂ ಎಷ್ಟು? ಮಿಲಿಮೀಟರಿನ ಲಕ್ಷದಲ್ಲೊಂದು ಭಾಗವೂ ಇಲ್ಲ. ಕೊಬ್ಬಿನ ಅಣುಗಳ ಎರಡೇ ಪದರ. ನಡುನಡುವೆ ಬಾಗಿಲಾಗಿ ನಿಂತ ಪ್ರೋಟೀನುಗಳು. ಪದರ ಎರಡು ಎಂದು 1925ರಲ್ಲಿ ಲೆಕ್ಕ ಹಾಕಿದವರು ಹಾಲೆಂಡಿನ ಗಾರ್ಟರ್ ಮತ್ತು ಗ್ರೆಂಡೆಲ್. ಅದಕ್ಕೆ ಬಹಳ ಹಿಂದೆ, 1665ರಲ್ಲಿ, ಇಂಗ್ಲೆಂಡಿನ ರಾಬರ್ಟ್ ಹುಕ್ ಬೆಂಡಿನ ತೆಳುವಾದ ಸೀಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿ, ಚಿಕ್ಕ ಕೋಣೆ ಎಂಬರ್ಥದ 'ಸೆಲ್' ಎಂಬ ಹೆಸರನ್ನಿಟ್ಟಿದ್ದ. ಅವನು ಕಂಡದ್ದು ಸತ್ತ ಕೋಶಗಳನ್ನು. ಪೊರೆ ಎಂದೋ ಅಳಿದಿತ್ತು; ಭಿತ್ತಿಗಳು ಮಾತ್ರ ಸಾಲಾಗಿ ನಿಂತಿದ್ದವು.

ನನ್ನ ಕಸುಬಿನ ಮಾತೊಂದನ್ನೂ ಹೇಳಿಬಿಡುತ್ತೇನೆ. ಪೊರೆ ಎಂದರೆ ತೆಳುವಾದ ಪದರ, ಹಾವು ಕಳಚುವ ಪೊರೆ, ಸರಿ. ಆದರೆ ಪೊರೆ ಎಂಬ ಕ್ರಿಯಾಪದವೂ ನಮ್ಮಲ್ಲುಂಟು: ಕಾಪಾಡು, ಸಲಹು ಎಂದು ಅದರ ಅರ್ಥ. ಹೊಟ್ಟೆ ಹೊರೆಯುವುದು ಎನ್ನುತ್ತೇವಲ್ಲ, ಅದೂ ಇದೇ. ಮಗಳಿಗೆ ಆ ರಾತ್ರಿ ಇಷ್ಟನ್ನು ಹೇಳಿದ್ದರೂ ಅರ್ಧ ಅಂಕವಾದರೂ ದಕ್ಕುತ್ತಿತ್ತೇನೋ.

ಪುಸ್ತಕ ಮುಚ್ಚುವಂತೆ ಮಾಡಿದ್ದು ಇನ್ನೊಂದು ವಾಕ್ಯ. ಗಿಡದ ಭಿತ್ತಿಗಳಲ್ಲಿ ಅತಿ ಸೂಕ್ಷ್ಮವಾದ ಕಿಂಡಿಗಳಿವೆಯಂತೆ. ಅವುಗಳ ಒಳಗಿನಿಂದ ಹಾದು ಒಂದು ಕೋಶದ ಪೊರೆ ಪಕ್ಕದ ಕೋಶದ ಪೊರೆಯೊಡನೆ ಒಂದಾಗುತ್ತದೆಯಂತೆ.

ನಮ್ಮದು ಪಾಲಾದ ಮನೆ. ಹದಿನಾಲ್ಕು ವರ್ಷಗಳ ಹಿಂದೆ ಅಣ್ಣನಿಗೂ ನನಗೂ ಹಂಚಿಕೆಯಾಗಿ ನಡುಮನೆಯಿಂದ ಹಿತ್ತಿಲಿನವರೆಗೆ ಗೋಡೆ ಎದ್ದಿತು. ಗೋಡೆಯಿಂದ ಕೇಡಾಯಿತೆನ್ನಲಾರೆ; ಅದು ಎದ್ದ ಮೇಲೆ ಜಗಳ ಕಡಮೆಯೇ ಆಯಿತು. ಅಡಿಗೆಮನೆಯ ಹತ್ತಿರ ಮಾತ್ರ ಅಮ್ಮ ಗಾರೆಯವನಿಗೆ ಹೇಳಿ ಒಂದು ಕಿಂಡಿ ಬಿಡಿಸಿದಳು. ಹೆಪ್ಪಿಗೆ ಮಜ್ಜಿಗೆ, ಹಬ್ಬದ ಹೋಳಿಗೆ, ಭಾನುವಾರದ ಪತ್ರಿಕೆ ಎಲ್ಲ ಅದರಲ್ಲಿಯೇ ಓಡಾಡುತ್ತಿದ್ದವು. ಎಲ್ಲವೂ ಎಂದರೆ ತಪ್ಪಾದೀತು. ನಾನು ಅಣ್ಣನ ಮೇಲೆ ಆಡಿದ ಮಾತು, ಅಣ್ಣ ನನ್ನ ಮೇಲೆ ಆಡಿದ ಮಾತು ಅಮ್ಮನ ಕಿವಿಯವರೆಗೆ ಬಂದು ಅಲ್ಲಿಯೇ ಉಳಿಯುತ್ತಿದ್ದವು. ಮನೆಯಲ್ಲಿ ಶಾಂತಿಯಿರುವುದು ಗೋಡೆಯಿಂದ ಎಂದು ನಾನು ತಿಳಿದಿದ್ದೆ.

ಅಮ್ಮ ಹೋಗಿ ಮೂರು ವರ್ಷವಾಯಿತು. ಕಿಂಡಿಯನ್ನು ಯಾರೂ ಮುಚ್ಚಿಸಲಿಲ್ಲ. ಜಿರಲೆ ಬರುತ್ತದೆಂದು ಒಂದು ದಿನ ನಾನೇ ಅವಲಕ್ಕಿಯ ಡಬ್ಬವನ್ನು ಅಡ್ಡ ಇಟ್ಟೆ. ಅದು ಅಲ್ಲಿಯೇ ನಿಂತಿತು. ಗೋಡೆಯೇನೋ ಇಂದಿಗೂ ಭದ್ರವಾಗಿದೆ, ಹುಕ್ ನೋಡಿದ ಬೆಂಡಿನ ಹಾಗೆ.

ಅಂದು ಡಬ್ಬ ತೆಗೆದು ಬೀಟ್‌ರೂಟ್ ಪಲ್ಯದ ಬಟ್ಟಲನ್ನು ಕಿಂಡಿಯೊಳಕ್ಕೆ ನೂಕಿದೆ. ಅದು ಮುಂದಕ್ಕೆ ಹೋಗಲಿಲ್ಲ. ಆ ಕಡೆಯಲ್ಲಿಯೂ ಒಂದು ಡಬ್ಬವಿತ್ತು. ಮಗಳು ಕೈ ತೂರಿಸಿ ಅದನ್ನು ತಟ್ಟಿ "ದೊಡ್ಡಮ್ಮಾ" ಎಂದು ಕೂಗಿದಳು. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ತಗಡು ಕಲ್ಲಿನ ಮೇಲೆ ಸರಿದದ್ದು ಕೇಳಿಸಿತು.

ಮರುದಿನ ಬಟ್ಟಲು ಮಾವಿನ ಉಪ್ಪಿನಕಾಯಿ ತುಂಬಿಕೊಂಡು ಹಿಂದಕ್ಕೆ ಬಂತು. "ಅಪ್ಪಾ, ಉಪ್ಪು ಬಿದ್ದರೆ ಹೋಳು ಏಕೆ ನೀರು ಬಿಡುತ್ತದೆ?" ಎಂದು ಮಗಳು ಕೇಳಿದಳು.

"ಪುಸ್ತಕ ತಾ, ನೋಡಿ ಹೇಳುತ್ತೇನೆ" ಎಂದೆ.