ಓಡುವ ಏಸಿ, ಇಳಿಯದ ಬಿಸಿ

ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡು ಬೇಸಿಗೆ ಎಂದು ನಾವು ತಮಾಷೆ ಮಾಡುವುದುಂಟು. ಅಂಥ ಊರಿನಲ್ಲಿ ಎಪ್ಪತ್ತೊಂದು ಬೇಸಿಗೆ ಕಳೆದ ನನ್ನ ಅಮ್ಮ, ತಂಪು ದೇಶವೆಂದು ನಂಬಿಸಿ ಕರೆತಂದ ಜರ್ಮನಿಯಲ್ಲಿ ಕುಳಿತು, "ಸೆಕೆ ತಡಿಯೋಕಾಗ್ತಿಲ್ಲಪ್ಪಾ, ನನ್ನ ಊರಿಗೆ ಕಳಿಸಿಬಿಡು" ಎಂದರೆ ನೀವು ನಂಬುತ್ತೀರಾ? ನಾನೂ ಮೊದಲು ನಂಬಲಿಲ್ಲ.

ಅದು 2019ರ ಜುಲೈ ತಿಂಗಳು. ಹಿಂದಿನ ವರ್ಷ ಅಪ್ಪ ತೀರಿಕೊಂಡಿದ್ದರು. ಒಬ್ಬರೇ ಇದ್ದ ಅಮ್ಮನನ್ನು ಮೂರು ತಿಂಗಳ ಮಟ್ಟಿಗಾದರೂ ಬಾ ಎಂದು ಕಾಡಿ ಬೇಡಿ ಬೊಬ್ಲಿಂಗೆನ್‌ಗೆ ಕರೆಸಿಕೊಂಡಿದ್ದೆವು. ನಮ್ಮದು ಹೆಂಚಿನ ಸೂರಿನ ಕೆಳಗಿನ ಕಟ್ಟಕಡೆಯ ಮಹಡಿ. ಇಳಿಜಾರು ಸೂರಿನಲ್ಲೇ ಗಾಜಿನ ಕಿಟಕಿಗಳು. ಚಳಿಗಾಲದಲ್ಲಿ ಬಿಸಿಲು ನೇರವಾಗಿ ಸೋಫಾ ಮೇಲೆ ಬಂದು ಕೂರುತ್ತದೆ ಎಂದು ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಿದ್ದೆ. ಅದೇ ಬಿಸಿಲು ಜುಲೈನಲ್ಲೂ ಅಲ್ಲೇ ಬಂದು ಕೂತಿತು ನೋಡಿ! ಇಲ್ಲಿನ ಮನೆಗಳನ್ನು ಕಟ್ಟುವುದೇ ಒಳಗಿನ ಶಾಖ ಹೊರಗೆ ಹೋಗದಿರಲಿ ಎಂದು. ಒಮ್ಮೆ ಕಾದರೆ ರಾತ್ರಿಯಿಡೀ ಆರುವುದಿಲ್ಲ. ಸೀಲಿಂಗ್ ಫ್ಯಾನ್ ಅಂತೂ ಇಲ್ಲವೇ ಇಲ್ಲ.

ಆ ತಿಂಗಳ 25ರಂದು ಡ್ಯೂಸ್‌ಬುರ್ಗ್ ಮತ್ತು ಟೋನಿಸ್‌ಫೋರ್ಸ್ಟ್‌ಗಳಲ್ಲಿ 41.2 ಡಿಗ್ರಿ ದಾಖಲಾಯಿತು. ನಮ್ಮಲ್ಲಿ ಅಷ್ಟಿರಲಿಲ್ಲ. ಆದರೆ ರಾತ್ರಿ ಹತ್ತಕ್ಕೂ ಮಲಗುವ ಕೋಣೆಯಲ್ಲಿ 33 ಡಿಗ್ರಿ. ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಬಿ.ಪಿ. ಮಾತ್ರೆ ನುಂಗುವ ಜೀವ. 2003ರ ಆಗಸ್ಟ್ ಬಿಸಿಲಿಗೆ ಫ್ರಾನ್ಸ್ ಒಂದರಲ್ಲೇ ಸುಮಾರು 15,000 ಜನ ಸತ್ತಿದ್ದರು, ಅವರಲ್ಲಿ ಹೆಚ್ಚಿನವರು ವಯಸ್ಸಾದವರು ಎಂದು ಓದಿದ್ದು ನೆನಪಾಗಿ ನನಗೆ ನಿದ್ದೆ ಹತ್ತಲಿಲ್ಲ. ತಂಪಾಗಿರಲಿ ಎಂದು ಕರೆದುತಂದವನು ನಾನೇ ಅಲ್ಲವೇ?

ನಮ್ಮೂರಿನಂತೆ ಗೋಡೆಗೆ ಸ್ಪ್ಲಿಟ್ ಏಸಿ ಹಾಕಿಸೋಣವೆಂದರೆ ಮನೆ ಮಾಲೀಕರ ಒಪ್ಪಿಗೆ ಬೇಕು, ಗ್ಯಾಸ್ ಕೆಲಸಕ್ಕೆ ಸರ್ಟಿಫಿಕೇಟ್ ಇರುವ ಮೆಕ್ಯಾನಿಕ್ಕೇ ಬೇಕು. ಅಷ್ಟರಲ್ಲಿ ಹಿಮ ಬಿದ್ದಿರುತ್ತದೆ! ಮೂರು ಅಂಗಡಿ ಸುತ್ತಿ, ಚಕ್ರವಿರುವ ಒಂದು ಏಸಿ ತಂದೆ. ಹಿಂದುಗಡೆ ದಪ್ಪನೆಯ ಒಂದು ಕೊಳವೆ, ಅದನ್ನು ಕಿಟಕಿಯಿಂದ ಹೊರಗೆ ಬಿಡಬೇಕು. ಎಂಟು ವರ್ಷದ ಮಗಳು ಆ ಸೊಂಡಿಲು ನೋಡಿ 'ಗಣಪ' ಎಂದು ನಾಮಕರಣವನ್ನೂ ಮಾಡಿದಳು.

ಗಣಪ ಓಡಿದ. ಎಂಥ ಸದ್ದು ಅಂತೀರಿ! ಮೂರು ಗಂಟೆ ಕಳೆದರೂ ಕೋಣೆ 33ರಿಂದ 32ಕ್ಕೆ ಇಳಿಯಿತು, ಅಷ್ಟೇ. "ಗುಡುಗು ಜೋರೈತೆ, ಮಳೆ ಎಲ್ಲಿ?" ಎಂದರು ಅಮ್ಮ.

ಹೊಸಪೇಟೆಯಲ್ಲಿ ಏಸಿ ರಿಪೇರಿ ಮಾಡುವ ಬಾಲ್ಯದ ಗೆಳೆಯನಿಗೆ ವಿಡಿಯೋ ಕಾಲ್ ಮಾಡಿದೆ. ಅವನ ವಿಚಾರಣೆ ಶುರುವಾಯಿತು. ರಿಮೋಟ್‌ನಲ್ಲಿ ಹಿಮದ ಹೂವಿನ ಗುರುತು ಇದೆಯೋ, ಬರೀ ಫ್ಯಾನ್ ಗುರುತು ಇದೆಯೋ? (ಎಷ್ಟೋ ಜನ ಫ್ಯಾನ್‌ನಲ್ಲಿಟ್ಟು ಇವನಿಗೆ ಫೋನ್ ಮಾಡುತ್ತಾರಂತೆ.) ಇಟ್ಟಿರುವ ಡಿಗ್ರಿ ಕೋಣೆಗಿಂತ ಕಡಿಮೆ ಇದೆಯೇ? ಫಿಲ್ಟರ್ ಜಾಲರಿಯಲ್ಲಿ ಧೂಳು ಕಟ್ಟಿದೆಯೇ? ಆರಿಸಿ ಹಾಕಿದ ಮೇಲೆ ಮೂರು ನಾಲ್ಕು ನಿಮಿಷ ಕಾದು ಕೇಳು, ಕಂಪ್ರೆಸರ್ ಗುಂಯ್ ಎನ್ನುತ್ತದೆಯೇ? ಎಲ್ಲ ಸರಿಯಾಗಿತ್ತು. ಕೊನೆಗೆ, "ಥರ್ಮಾಮೀಟರ್ ತಗೊಂಡು ಗಾಳಿ ಒಳಗೆ ಹೋಗೋ ಕಡೆ ಒಂದ್ಸಲ ಹಿಡಿ, ಹೊರಗೆ ಬರೋ ಕಡೆ ಒಂದ್ಸಲ ಹಿಡಿ" ಎಂದ. ಒಳಗೆ ಹೋಗುವುದು 32, ಹೊರಗೆ ಬರುವುದು 20.

"ಹನ್ನೆರಡು ಡಿಗ್ರಿ ಇಳಿಸ್ತಾ ಐತಲ್ಲೋ! ಎರಡೋ ಮೂರೋ ಇಳಿಸಿದ್ರೆ ಗ್ಯಾಸ್ ಹೋಗೈತೆ, ಇಲ್ಲಾ ಕಂಪ್ರೆಸರ್ ಕೈಕೊಟ್ಟೈತೆ ಅಂತಿದ್ದೆ. ಒಳಗಿನ ಕಾಯಿಲ್ ಮೇಲೆ ಐಸ್ ಕಟ್ಟಿದ್ರೆ ಫಿಲ್ಟರ್ ಕಟ್ಟೈತೆ, ಇಲ್ಲಾ ಗ್ಯಾಸ್ ಕಮ್ಮಿ ಅಂತಿದ್ದೆ. ಮೆಷಿನ್‌ಗೆ ರೋಗ ಇಲ್ಲ, ರೋಗ ನಿನ್ನ ಮನೆಗೆ" ಎಂದು ನಕ್ಕು ಫೋನಿಟ್ಟ.

ರೋಗ ಪತ್ತೆ ಮಾಡಿದ್ದು ಮಾತ್ರ ಅಮ್ಮ, ಅದೂ ಊದಿನಕಡ್ಡಿಯಿಂದ! ಸಂಜೆ ದೀಪ ಹಚ್ಚಿ, ಮುಂಬಾಗಿಲ ಪಕ್ಕದ ದೇವರ ಗೂಡಿನಲ್ಲಿ ಊದಿನಕಡ್ಡಿ ಸಿಕ್ಕಿಸಿದರು. ಹೊಗೆ ಮೇಲಕ್ಕೆ ಹೋಗುವ ಬದಲು ಅಡ್ಡಡ್ಡ ಮಲಗಿ ಮಲಗುವ ಕೋಣೆಯ ಕಡೆ ಓಡುತ್ತಿತ್ತು. "ಇಲ್ನೋಡಪ್ಪಾ, ಬಾಗಿಲು ಹಾಕೈತೆ. ಮತ್ತೆ ಈ ಗಾಳಿ ಎಲ್ಲಿಂದ ಬರ್ತೈತೆ?" ಎಂದರು.

ಆ ಕಡ್ಡಿ ಹಿಡಿದು ಮನೆಯೆಲ್ಲ ತಿರುಗಿದೆ. ಮುಂಬಾಗಿಲ ಕೆಳಗಿನ ಸಂದಿಯಿಂದ, ಬಚ್ಚಲಮನೆಯ ಗಾಳಿಕಿಂಡಿಯಿಂದ, ಎಲ್ಲಕ್ಕಿಂತ ಜೋರಾಗಿ ಸೊಂಡಿಲು ಇಟ್ಟ ಕಿಟಕಿಯ ಸುತ್ತಲಿಂದ ಹೊಗೆ ಒಳಕ್ಕೇ ನುಗ್ಗುತ್ತಿತ್ತು. ಆಗ ತಲೆಗೆ ಹೊಳೆಯಿತು. ಗಣಪ ಕೋಣೆಯದೇ ಗಾಳಿ ಎಳೆದು, ಅದಕ್ಕೆ ಶಾಖ ತುಂಬಿ ಸೊಂಡಿಲಿನಿಂದ ಹೊರಗೆ ಊದುತ್ತಾನೆ. ಅವನ ಕೈಪಿಡಿಯಲ್ಲಿ ಗಂಟೆಗೆ 300 ಘನಮೀಟರ್‌ಗೂ ಹೆಚ್ಚು ಎಂದಿತ್ತು. ನಮ್ಮ ಕೋಣೆಯ ಗಾಳಿಯೇ ಸುಮಾರು 35 ಘನಮೀಟರ್. ಅಂದರೆ ಗಂಟೆಗೆ ಎಂಟೊಂಬತ್ತು ಸಲ ಇಡೀ ಕೋಣೆ ಖಾಲಿಯಾದಂತೆ! ಹೋದಷ್ಟು ಗಾಳಿ ಎಲ್ಲಿಂದಾದರೂ ಬರಲೇಬೇಕಲ್ಲ? ಬರುತ್ತಿದ್ದುದು ಹೊರಗಿನ ಬಿಸಿಗಾಳಿ. ತೂತಿನ ಕೊಡಕ್ಕೆ ನೀರು ಸುರಿದಂತೆ ಕರೆಂಟು ಸುರಿಯುತ್ತಿದ್ದೆವು.

ತಪ್ಪು ಎಲ್ಲರದ್ದೂ ಇತ್ತು. ನಾನು ಜರ್ಮನ್ ಅಭ್ಯಾಸದಂತೆ ಕಿಟಕಿಯನ್ನು ಮೇಲುಗಡೆ ಓರೆ ಮಾಡಿ, ಆ ಸಂದಿನಲ್ಲೇ ಕೊಳವೆ ತೂರಿಸಿದ್ದೆ. ಹೊರಗೆ ಹೋದ ಬಿಸಿ ಪಕ್ಕದಿಂದಲೇ ವಾಪಸು ಬರುತ್ತಿತ್ತು. ಅಮ್ಮ ಬಳ್ಳಾರಿಯಂತೆ ಕೋಣೆಯಲ್ಲಿ ಒದ್ದೆ ದುಪ್ಪಟಿ ಹರವಿದ್ದರು. ಒಣಗಾಳಿ ಬೀಸುವಲ್ಲಿ ಅದು ಸರಿ. ಮುಚ್ಚಿದ ಕೋಣೆಯಲ್ಲಿ ಆ ಆವಿಯನ್ನು ಮತ್ತೆ ನೀರು ಮಾಡುವುದರಲ್ಲೇ ಗಣಪನ ಅರ್ಧ ಶಕ್ತಿ ಹೋಗುತ್ತಿತ್ತು. ಎರಡು ಗಂಟೆಗೊಮ್ಮೆ ಹೊಟ್ಟೆಯ ತೊಟ್ಟಿ ತುಂಬಿತೆಂದು ಕೂಗಿ ನಿಂತುಬಿಡುತ್ತಿದ್ದ. ನನ್ನಾಕೆ ಇಡೀ ಮನೆ ತಂಪಾಗಲೆಂದು ಎಲ್ಲ ಬಾಗಿಲು ತೆರೆದಿಟ್ಟಿದ್ದಳು. ಮುಕ್ಕಾಲು ಟನ್ನಿನ ಪುಟ್ಟ ಯಂತ್ರ ಅದು. ಅಂದಹಾಗೆ, ಏಸಿಯ ಒಂದು ಟನ್ ಎಂದರೆ ತೂಕವಲ್ಲ, ಒಂದು ಟನ್ ಮಂಜುಗಡ್ಡೆ ಒಂದು ದಿನದಲ್ಲಿ ಕರಗುವಾಗ ಹೀರುವ ಶಾಖ.

ಆ ರಾತ್ರಿಯೇ ಕೆಲಸಕ್ಕೆ ಇಳಿದೆವು. ಕಿಟಕಿಯ ಸಂದಿಗೆ ಜಿಪ್ ಇರುವ ಬಟ್ಟೆಯ ಪಟ್ಟಿ ಅಂಟಿಸಿ, ಉಳಿದ ಬಿರುಕುಗಳಿಗೆ ಟೇಪ್ ಹಾಕಿದೆವು. ಕೊಳವೆಯನ್ನು ಮೊಟಕು ಮಾಡಿ, ನೆಟ್ಟಗೆ ನಿಲ್ಲಿಸಿ, ಅದರ ಕಾವು ಕೋಣೆಗೆ ಬಡಿಯದಂತೆ ಹಳೆಯ ಕಂಬಳಿ ಸುತ್ತಿದೆವು. ಮುಂಬಾಗಿಲ ಕೆಳಗೆ ಟವೆಲ್. ಆದರೆ ಮನೆಯನ್ನು ಡಬ್ಬಿಯಂತೆ ಮುಚ್ಚಲಿಲ್ಲ. ಗಾಳಿ ಬಂದೇ ಬರುತ್ತದೆ, ಬರುವುದು ತಂಪು ಕಡೆಯಿಂದ ಬರಲಿ ಎಂದು, ಉತ್ತರಕ್ಕಿರುವ ಮಗಳ ಕೋಣೆಯ ಬಾಗಿಲನ್ನು ಮಾತ್ರ ಕೊಂಚ ತೆರೆದಿಟ್ಟೆವು. ಮರುದಿನ ಮೆಟ್ಟಿಲಲ್ಲಿ ಸಿಕ್ಕ ಕೆಳಮನೆಯ ಜರ್ಮನ್ ಅಜ್ಜಿ ಇನ್ನೊಂದು ಪಾಠ ಹೇಳಿದರು: "ಪರದೆ ಒಳಗೆ ಹಾಕಿದರೆ ಏನು ಬಂತು? ಬಿಸಿಲು ಗಾಜು ದಾಟಿ ಆಯಿತಲ್ಲ! ಹೊರಗಿನ ಶಟರ್ ಬೆಳಿಗ್ಗೆಯೇ ಇಳಿಸಿ, ರಾತ್ರಿ ಎಲ್ಲ ತೆರೆಯಿರಿ." ಅಂದಿನಿಂದ ರಾತ್ರಿ ಹತ್ತಕ್ಕೆ ಗಣಪನಿಗೆ ವಿಶ್ರಾಂತಿ, ಕಿಟಕಿಗಳೆಲ್ಲ ತೆರೆ. ಅಕ್ಕಪಕ್ಕದವರ ನಿದ್ದೆಗೂ ಅದೇ ಒಳ್ಳೆಯದು.

ಮರುದಿನ ಸಂಜೆ ಕೋಣೆಯಲ್ಲಿ 27 ಡಿಗ್ರಿ! ಅಮ್ಮ ಎರಡು ಚಪಾತಿ ತಿಂದು, ಮೊಸರನ್ನ ಕೇಳಿ ಹಾಕಿಸಿಕೊಂಡರು. ಮಲಗುವಾಗ ಮಗಳನ್ನು ಕರೆದು ಹೊದಿಕೆ ತರಿಸಿಕೊಂಡರು. "ನಿಮ್ಮಪ್ಪ ಇದ್ದಿದ್ರೆ ಇಷ್ಟಕ್ಕೇ ಚಳಿ ಅಂತ ಏಸಿ ಆರಿಸಿಬಿಡೋರು" ಎಂದು ನಕ್ಕರು. ಜರ್ಮನಿಗೆ ಬಂದ ಮೇಲೆ ಅಪ್ಪನ ಹೆಸರೆತ್ತಿ ಅವರು ನಕ್ಕದ್ದು ಅದೇ ಮೊದಲು. ಊರಿನ ಟಿಕೆಟ್ಟಿನ ಮಾತು ಮತ್ತೆ ಬರಲಿಲ್ಲ. ಸೆಪ್ಟೆಂಬರ್ 2ರ ಗಣೇಶ ಚೌತಿಗೆ ಇಲ್ಲಿನ ಕನ್ನಡಿಗರ ಜೊತೆ ಕುಳಿತು ಕಡುಬು ಮಾಡಿಕೊಟ್ಟೇ ಅವರು ಬಳ್ಳಾರಿಗೆ ಹೊರಟಿದ್ದು.

ಇಂಥ ಏಸಿ ಇಟ್ಟುಕೊಂಡಿರುವ ಮಿತ್ರರಿಗೆ ಒಂದು ಎಚ್ಚರಿಕೆ. ಮನೆಯೊಳಗೆ ಗ್ಯಾಸ್ ಬಾಯ್ಲರ್ ಅಥವಾ ಸೌದೆ ಒಲೆ ಇದ್ದರೆ, ಗಾಳಿ ಎಳೆಯುವ ಈ ಯಂತ್ರ ಚಿಮಣಿಯ ವಿಷದ ಹೊಗೆಯನ್ನೂ ಒಳಗೆ ಎಳೆದೀತು. ಚಿಮಣಿ ನೋಡಿಕೊಳ್ಳುವವರನ್ನು ಕೇಳದೆ ಹಚ್ಚಬೇಡಿ. ಏಸಿ ಓಡಿಯೂ ತಂಪಾಗದಿದ್ದರೆ ಅಂಗಡಿಯವರೊಡನೆ ಜಗಳಕ್ಕೆ ಹೋಗುವ ಮೊದಲು ಥರ್ಮಾಮೀಟರ್ ಹಿಡಿಯಿರಿ, ಆಮೇಲೆ ಒಂದು ಊದಿನಕಡ್ಡಿ ಹಚ್ಚಿ. ಒಂದೇ ಸಾಕು, ಹೆಚ್ಚಾದರೆ ಸೂರಿನ ಮೇಲಿನ ಹೊಗೆ ಅಲಾರಂ ಇಡೀ ಬೀದಿಯನ್ನೇ ಮಂಗಳಾರತಿಗೆ ಕರೆದೀತು!